ಕಲ್ಲಿನ ಮೇಲೆ 13 ಹೆಸರು, ಜೋಕಾಲಿ ಮಾತ್ರ ಒಂದೂ ಇಲ್ಲ

ಹೋದ ಭಾನುವಾರ ಸಂಜೆ ಅಣ್ಣನ ಮಗನನ್ನು ಕರೆದುಕೊಂಡು ಮನೆ ಹತ್ತಿರದ ದೊಡ್ಡ ಪಾರ್ಕಿಗೆ ಹೋಗಿದ್ದೆ. ಬೆಳಗಾವಿಯವರ ಬಾಯಲ್ಲಿ ಅದು ಗಾರ್ಡನ್ನು. ಹುಡುಗ ಒಂದನೇ ಕ್ಲಾಸು. ಈಗಷ್ಟೇ ಒತ್ತಕ್ಷರ ಕಲಿತಿದ್ದಾನೆ, ಕಂಡಿದ್ದನ್ನೆಲ್ಲ ಓದುವ ಹುಚ್ಚು. ಗೇಟು ದಾಟಿದ್ದೇ ತಡ, ಮಕ್ಕಳ ಆಟದ ಜಾಗಕ್ಕೆ ಓಡಿದ. ಅಲ್ಲಿ ಜೋಕಾಲಿಯ ಕಬ್ಬಿಣದ ಚೌಕಟ್ಟು ನಿಂತಿತ್ತು. ಮೇಲಿನ ಪೈಪಿನಲ್ಲಿ ನಾಲ್ಕು ಜೊತೆ ಕೊಂಡಿ. ಕೊಂಡಿಯ ಕೆಳಗೆ ಏನೂ ಇಲ್ಲ. ಒಂದು ಕಡೆ ಮಾತ್ರ ಗೇಣುದ್ದ ಸರಪಳಿ ಗಾಳಿಗೆ ಅಲ್ಲಾಡುತ್ತಿತ್ತು.

ಆಡಲು ಏನೂ ಸಿಗದೆ ಅವನು ಪಕ್ಕದ ಕರಿ ಗ್ರಾನೈಟ್ ಕಲ್ಲನ್ನು ಓದಲು ಶುರು ಮಾಡಿದ. ಬಂಗಾರದ ಬಣ್ಣದ ಅಕ್ಷರಗಳು. 'ಸ-ನ್ಮಾ-ನ್ಯ ಶ್ರೀ' ಅಂತ ಬಿಡಿಸಿ ಬಿಡಿಸಿ ಓದುತ್ತಾ ಕೆಳಗಿಳಿದ. ನಾನು ಎಣಿಸಿದೆ. 13 ಹೆಸರು.

“ಅತ್ತಿ, ಇವ್ರೆಲ್ಲಾ ಇಲ್ಲಿ ಆಡಾಕ ಬರ್ತಾರನು?”

ಕಟ್ಟೆ ಮೇಲೆ ಕೂತಿದ್ದ ವಾಚ್‌ಮನ್ ಕಾಕಾ ನಕ್ಕರು. “ಒಮ್ಮೆ ಬಂದಿದ್ರಪ್ಪಾ, ರಿಬ್ಬನ್ ಕತ್ತರಿಸಾಕ.” ಆಮೇಲೆ ನನ್ನ ಕಡೆ ತಿರುಗಿ, “ಈಗ ಮತ್ತ ಹೊಸಾ ಪ್ಲ್ಯಾನ್ ಐತಂತರೀ ಅಕ್ಕಾರ. ಎಲ್ಲಾ ಕಿತ್ತು ಹೊಸಾದು ಮಾಡ್ತಾರಂತ. ಯಾರ ಹೆಸರು ಇಡಬೇಕು ಅಂತ ನಡದೈತಿ” ಅಂದರು.

ಕಾಕಾ ಹೇಳಿದ ಆ ಕೊನೆಯ ಮಾತು ನಮ್ಮ ಗಾರ್ಡನ್ನಿಗೆ ಮಾತ್ರ ಸೇರಿದ್ದಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಎಲ್ಲಿ ಬೇಕಾದರೂ ನೋಡಿ. ದೊಡ್ಡ ಪಾರ್ಕಿನಲ್ಲಿ ಮಕ್ಕಳ ಆಟದ ಜಾಗ ಮಾಡಬೇಕು ಅಂದ ಕೂಡಲೇ ಎರಡು ವಿಷಯ ಏಳುತ್ತವೆ. ಏನು ಕಟ್ಟಬೇಕು ಅನ್ನುವುದು ಒಂದು, ಏನೆಂದು ಕರೆಯಬೇಕು ಅನ್ನುವುದು ಇನ್ನೊಂದು. ಮೊದಲನೆಯದು ಎಂಜಿನಿಯರ್ ಮೇಜಿನ ಮೇಲೆ ಸುಮ್ನೆ ಮುಗಿದುಹೋಗುತ್ತದೆ. ಎರಡನೆಯದಕ್ಕೆ ಸಭೆ, ಮನವಿ, ಠರಾವು, ಒಮ್ಮೊಮ್ಮೆ ಪೊಲೀಸ್ ಬಂದೋಬಸ್ತು. ಇದು ತಿರುವುಮುರುವು ಆಗಿದೆ ಅನ್ನುವುದು ನನ್ನ ತಕರಾರು. ಹೆಸರಿಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಹೆಸರಿಗೂ ಜವಾಬ್ದಾರಿಗೂ ನಡುವಿನ ಗಂಟು ಬಿಚ್ಚಿಹೋಗಿದೆ. ಜೋಕಾಲಿ ಮಾಯವಾಗುವುದು ಅಲ್ಲಿಂದಲೇ.

ಜಾಗ ಉಳಿಯುತ್ತದೆ, ಸಾಮಾನು ಉಳಿಯುವುದಿಲ್ಲ

ಪಾರ್ಕು ಯಾರ ಕೆಲಸ ಅನ್ನುವುದರಲ್ಲಿ ದೊಡ್ಡ ಗೊಂದಲವೇನಿಲ್ಲ. 1992ರಲ್ಲಿ ಸಂವಿಧಾನಕ್ಕೆ 74ನೇ ತಿದ್ದುಪಡಿ ಬಂತು. ಅದರ ಜೊತೆಗೆ 12ನೇ ಅನುಸೂಚಿ ಸೇರಿತು. ಪಾಲಿಕೆ, ನಗರಸಭೆಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಅದು. ಉದ್ಯಾನ, ತೋಟ, ಆಟದ ಮೈದಾನ ಆ ಪಟ್ಟಿಯಲ್ಲಿ 12ನೆಯದು. ಬೆಳಗಾವಿ ಪಾಲಿಕೆಯಲ್ಲಿ 58 ವಾರ್ಡು, ವಿಜಯಪುರದಲ್ಲಿ 35. ಅಂದರೆ ಕೇಳಲು ಹೋಗಬೇಕಾದ ಬಾಗಿಲು ನಮ್ಮ ಓಣಿಯಿಂದ ಬಹಳ ದೂರವಿಲ್ಲ.

ಜಾಗ ಉಳಿಸುವ ಕಾನೂನೂ ಗಟ್ಟಿಯಾಗಿಯೇ ಇದೆ. ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲಿಕ್ಕೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಊರಿನಲ್ಲಿ ಇಂಥ ಜಾಗ ಎಷ್ಟಿವೆ ಅಂತ ಸ್ಥಳೀಯ ಸಂಸ್ಥೆ ಪಟ್ಟಿ ಮಾಡಬೇಕು, ಅವುಗಳನ್ನು ಬೇರೆ ಕೆಲಸಕ್ಕೆ ಮನಬಂದಂತೆ ಬಳಸಬಾರದು ಅನ್ನುವುದು ಅದರ ತಿರುಳು. ಅದಾದ ಆರು ವರ್ಷಕ್ಕೆ, 1991ರಲ್ಲಿ, ಸುಪ್ರೀಂ ಕೋರ್ಟು ಬೆಂಗಳೂರಿನ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಬಡಾವಣೆಯ ನಕ್ಷೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಗಿತ್ತು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲೂ ಗೆದ್ದರು, ಸುಪ್ರೀಂ ಕೋರ್ಟಿನಲ್ಲೂ ಗೆದ್ದರು. ಆಸ್ಪತ್ರೆ ಒಳ್ಳೆಯದೇ ಇರಬಹುದು, ಆದರೆ ಪಾರ್ಕಿನ ಜಾಗ ಪಾರ್ಕಿಗೇ. ಇವತ್ತಿಗೂ ದೇಶದಲ್ಲಿ ಎಲ್ಲೇ ಪಾರ್ಕಿನ ಜಗಳ ನಡೆದರೂ ವಕೀಲರು ಮೊದಲು ತೆಗೆಯುವುದು ಆ ತೀರ್ಪನ್ನೇ.

ಜಾಗ ಎಷ್ಟು ಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಕೇಂದ್ರದ ನಗರ ಯೋಜನೆ ಮಾರ್ಗಸೂಚಿ 2014ರಲ್ಲಿ ಬಂತು. ತಲೆಗೆ 10ರಿಂದ 12 ಚದರ ಮೀಟರ್ ಬಯಲು ಜಾಗ ಇರಲಿ ಅಂತ ಅದು ಹೇಳುತ್ತದೆ. 2011ರ ಜನಗಣತಿಯಲ್ಲಿ ಬೆಳಗಾವಿ ನಗರದ ಜನಸಂಖ್ಯೆ 4.88 ಲಕ್ಷ. 10 ಚದರ ಮೀಟರ್ ಅಂತ ಹಿಡಿದರೂ ಸುಮಾರು 1,200 ಎಕರೆ ಆಯಿತು. ವಿಜಯಪುರದಲ್ಲಿ 3.27 ಲಕ್ಷ ಜನ, ಅಲ್ಲಿಗೆ 800 ಎಕರೆ ಚಿಲ್ಲರೆ. ಇದೆಲ್ಲ 2011ರ ತಲೆಎಣಿಕೆಯ ಮೇಲೆ. ಆಮೇಲೆ ಊರು ಎಷ್ಟು ಬೆಳೆದಿದೆ ಅನ್ನುವುದಕ್ಕೆ ಯಾರ ಸಾಕ್ಷಿಯೂ ಬೇಕಿಲ್ಲ, ಅಲ್ವಾ? ಇರುವ ಎರಡೋ ಮೂರೋ ದೊಡ್ಡ ಪಾರ್ಕುಗಳ ಮೇಲೆ ಇಡೀ ಊರಿನ ಮಕ್ಕಳ ಭಾರ ಬೀಳುವುದು ಅದಕ್ಕೇ. ರಜೆ ದಿನ ಸಂಜೆ ಜಾರುಬಂಡಿಯ ಮೆಟ್ಟಿಲ ಹತ್ತಿರ ಸಾಲು ನೋಡಿದರೆ ರೇಷನ್ ಅಂಗಡಿ ನೆನಪಾಗುತ್ತದೆ.

ಇನ್ನು ದುಡ್ಡು. ಅಸಲಿ ಸಮಸ್ಯೆ ಇರುವುದು ಇಲ್ಲಿ. 2015ರ ಜೂನ್ 25ರಂದು ಕೇಂದ್ರ ಸರ್ಕಾರ ಅಮೃತ್ ಯೋಜನೆ ಶುರು ಮಾಡಿತು. 500 ಊರುಗಳ ಪಟ್ಟಿಯಲ್ಲಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಇದ್ದವು. ಅದರ ಮುಖ್ಯ ಕೆಲಸ ನೀರು, ಒಳಚರಂಡಿ. ಪಾರ್ಕುಗಳಿಗೆ ಹೆಚ್ಚೆಂದರೆ ನೂರಕ್ಕೆ ಎರಡೂವರೆ ರೂಪಾಯಿ, ಅದರಲ್ಲಿ ಮಕ್ಕಳಿಗೆ ಬೇಕಾದ್ದು ಇರಲೇಬೇಕು ಅಂತ ಸೂಚನೆ. ಅದೇ ದಿನ ಸ್ಮಾರ್ಟ್ ಸಿಟಿ ಯೋಜನೆಯೂ ಶುರುವಾಯಿತು. 2016ರ ಜನವರಿಯಲ್ಲಿ ಮೊದಲ 20 ಊರುಗಳ ಹೆಸರು ಹೊರಬಿದ್ದಾಗ ಕರ್ನಾಟಕದಿಂದ ಇದ್ದದ್ದು ಎರಡೇ, ಬೆಳಗಾವಿ ಮತ್ತು ದಾವಣಗೆರೆ. 2025ರ ಮಾರ್ಚ್ 31ಕ್ಕೆ ಆ ಯೋಜನೆ ಮುಗಿಯಿತು. ಇವೆರಡರ ಜೊತೆಗೆ ಶಾಸಕರ ನಿಧಿ, ಸಂಸದರ ನಿಧಿ, ಹಣಕಾಸು ಆಯೋಗದ ಅನುದಾನ.

ಇವೆಲ್ಲ ಕಟ್ಟುವ ದುಡ್ಡು. ಕಾಯುವ ದುಡ್ಡು ಬೇರೆ. ಯೋಜನೆ ಬರುತ್ತದೆ, ಟೆಂಡರ್ ಆಗುತ್ತದೆ, ಗುತ್ತಿಗೆದಾರ ಸಾಮಾನು ಕೂರಿಸುತ್ತಾನೆ. ದೋಷ ಕಂಡರೆ ಅವನೇ ಸರಿಮಾಡಬೇಕು ಅನ್ನುವ ಒಂದು ಅವಧಿ ಇರುತ್ತದೆ. ಅದು ಮುಗಿದ ಮರುದಿನದಿಂದ ಜೋಕಾಲಿ ಪಾಲಿಕೆಯ ಲೆಕ್ಕಕ್ಕೆ. ಪಾಲಿಕೆಯಲ್ಲಿ ಪಾರ್ಕಿನ ನಿರ್ವಹಣೆ ಅಂದರೆ ಹುಲ್ಲು ಕತ್ತರಿಸುವುದು, ಕಸ ಗುಡಿಸುವುದು, ಗಿಡಕ್ಕೆ ನೀರು. ಜೋಕಾಲಿಯ ಕೊಂಡಿಯೊಳಗೆ ಒಂದು ಸಣ್ಣ ಬುಶ್, ಅಂದರೆ ತಿಕ್ಕಾಟ ತಡೆಯುವ ಬಳೆ, ಇರುತ್ತದೆ. ಅದು ಸವೆದರೆ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತದೆ. ಮೊದಲು ಕಿರ್ರ್ ಅಂತ ಸದ್ದು. ಆಮೇಲೆ ಸರಪಳಿಯ ಮೇಲಿನ ಕೊಂಡಿ ಒಂದು ಕಡೆ ಕತ್ತಿಯ ಅಂಚಿನ ಹಾಗೆ ತೆಳ್ಳಗಾಗುತ್ತದೆ. ಒಂದು ದಿನ ಯಾವುದೋ ಮಗು ಕೂತಾಗ ಪಟ್ ಅನ್ನುತ್ತದೆ. ಆ ಬುಶ್ಶು, ಒಂದಿಷ್ಟು ಗ್ರೀಸು, ವರ್ಷಕ್ಕೆ ಎರಡು ಸಲ ಮೇಲೆ ಹತ್ತಿ ನೋಡುವ ಒಬ್ಬ ಮನುಷ್ಯ. ಇಷ್ಟಕ್ಕೆ ಯಾವ ಯೋಜನೆಯಲ್ಲೂ ಕಾಲಂ ಇಲ್ಲ. ಆದ್ದರಿಂದ ಆಗುವುದು ಏನು? ಸರಪಳಿ ಹರಿದ ಮೇಲೆ ಅಪಾಯ ಅಂತ ಉಳಿದ ಮೂರನ್ನೂ ಬಿಚ್ಚಿ ಇಡುತ್ತಾರೆ. ಬಿಚ್ಚಿದ್ದು ಯಾವುದೋ ಸ್ಟೋರ್ ರೂಮಿಗೆ ಹೋಗುತ್ತದೆ. ಐದಾರು ವರ್ಷ ಕಳೆದ ಮೇಲೆ ಹೊಸ ಯೋಜನೆ, ಹೊಸ ಕಲ್ಲು.

ಒಂದೇ ಕ್ಯಾಟಲಾಗು, ಎರಡು ಹವೆ

ಬೆಳಗಾವಿಯಲ್ಲಿ ವರ್ಷಕ್ಕೆ 1,200 ಮಿಲಿಮೀಟರ್ ದಾಟಿ ಮಳೆ. ಜೂನ್‌ನಲ್ಲಿ ಹಿಡಿದರೆ ಗಣಪತಿ ಹಬ್ಬದವರೆಗೂ ಬಿಡುವಿಲ್ಲ. ವಿಜಯಪುರದಲ್ಲಿ ಅದರ ಅರ್ಧದ ಆಸುಪಾಸು, ಏಪ್ರಿಲ್ ಮೇನಲ್ಲಿ ಮಾತ್ರ 40 ಡಿಗ್ರಿ ದಾಟಿದ ಬಿಸಿಲು. ಆದರೂ ಎರಡೂ ಊರಿನ ಪಾರ್ಕುಗಳಲ್ಲಿ ನಿಂತು ನೋಡಿದರೆ ಅದೇ ಕೆಂಪು-ಹಳದಿ ಫೈಬರ್ ಜಾರುಬಂಡಿ, ಅದೇ ಹಸಿರು ರಬ್ಬರ್ ನೆಲ, ಅದೇ ಅಣಬೆಯಾಕಾರದ ಚಪ್ಪರ. ಕ್ಯಾಟಲಾಗಿನಲ್ಲಿ ಫೋಟೋ ಚೆನ್ನಾಗಿರುತ್ತದೆ, ಬಂದುಬಿಡುತ್ತದೆ.

ಬೆಳಗಾವಿಯ ಮಳೆಗೆ ಬೆಸುಗೆ ಹಾಕಿದ ಜಾಗದಲ್ಲೇ ಮೊದಲು ತುಕ್ಕು. ಬಣ್ಣದ ಒಳಗೆ ಗುಳ್ಳೆ ಏಳುತ್ತದೆ, ಉಗುರಿನಿಂದ ಒತ್ತಿದರೆ ಪುಡಿಯಾಗುತ್ತದೆ. ಮೆಟ್ಟಿಲ ಮೇಲೆ ಪಾಚಿ. ಜಾರುಬಂಡಿಯ ಬುಡದಲ್ಲಿ ಮಕ್ಕಳ ಕಾಲು ತಾಗಿ ತಾಗಿ ತಗ್ಗು ಬಿದ್ದಿರುತ್ತದೆ, ಅಲ್ಲಿ ಮಳೆಗಾಲ ಪೂರ್ತಿ ನೀರು. ಮಗು ಮೇಲಿಂದ ಜಾರಿ ಸೀದಾ ಹೊಂಡಕ್ಕೆ. ವಿಜಯಪುರದ ಕಥೆಯೇ ಬೇರೆ. ಅಲ್ಲಿ ಮಧ್ಯಾಹ್ನ ಕಬ್ಬಿಣದ ಜಾರುಬಂಡಿ ಅಂದರೆ ರೊಟ್ಟಿ ಹಂಚು. ರಬ್ಬರ್ ನೆಲವೂ ಕಮ್ಮಿಯಿಲ್ಲ, ಬಿಸಿಲು ಹೀರಿಕೊಂಡು ಬರಿಗಾಲು ಇಡಲಾಗದಷ್ಟು ಕಾಯುತ್ತದೆ. ಆಟದ ಸಾಮಾನಿಗಿಂತ ಮೊದಲು ಅಲ್ಲಿ ಬೇಕಾದದ್ದು ಬೇವಿನ ಮರದ ನೆರಳು. ಮರ ಬೆಳೆಯಲು ವರ್ಷಗಳು ಬೇಕು, ಉದ್ಘಾಟನೆಯ ತಾರೀಕು ಅಷ್ಟು ಕಾಯುವುದಿಲ್ಲ. ಇರುವ ಮರದ ಕೆಳಗೇ ಆಟದ ಜಾಗ ಮಾಡಬಹುದಲ್ಲ? ನಕ್ಷೆ ಬರೆಯುವವರು ಮೊದಲು ಬಯಲು ಮೂಲೆ ಹುಡುಕುತ್ತಾರೆ, ಯಾಕೋ.

ನೆಲದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮಲ್ಲಿ ಯಾರೂ ನೋಡದ ಸಂಗತಿ ಅದು. ಮಕ್ಕಳು ಬೀಳುತ್ತಾರೆ, ಬೀಳಲೇಬೇಕು. ಪ್ರಶ್ನೆ ಇರುವುದು ಯಾವುದರ ಮೇಲೆ ಬೀಳುತ್ತಾರೆ ಅನ್ನುವುದರಲ್ಲಿ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಆಟದ ಅಂಗಳಗಳಿಗೆ ಒಂದು ಕೈಪಿಡಿ ಮಾಡಿದೆ. ಅದರ ಪ್ರಕಾರ 9 ಇಂಚು ಉಸುಕು ಇದ್ದರೆ ಸುಮಾರು 4 ಅಡಿ ಎತ್ತರದಿಂದ ಬಿದ್ದ ಮಗುವಿನ ತಲೆಗೆ ದೊಡ್ಡ ಪೆಟ್ಟಾಗುವುದು ತಪ್ಪುತ್ತದೆ. ಯುರೋಪಿನ ನಿಯಮದಲ್ಲಿ ಆಟದ ಸಾಮಾನಿನಿಂದ ಬೀಳಬಹುದಾದ ಎತ್ತರ 3 ಮೀಟರ್ ದಾಟುವಂತಿಲ್ಲ. ನಮ್ಮ ಗಾರ್ಡನ್ನಿನಲ್ಲಿ ಜಾರುಬಂಡಿ ನಿಂತಿರುವುದು ಸಿಮೆಂಟಿನ ಇಂಟರ್‌ಲಾಕ್ ಟೈಲ್ಸ್ ಮೇಲೆ. ಗುಡಿಸಲು ಸುಲಭ ಅನ್ನುವುದು ನಿಜ. ನಾಲ್ಕು ಗಾಡಿ ಉಸುಕು ಹಾಕಿಸಿ, ವರ್ಷಕ್ಕೊಮ್ಮೆ ಕೆದಕಿ ತುಂಬಿಸಿದರೆ ಮುಗಿಯುವ ಕೆಲಸಕ್ಕೆ ನಾವು ಟೈಲ್ಸ್ ಹಾಕಿ ಕೂತಿದ್ದೇವೆ.

ಜೋಕಾಲಿಗೆ ಎಷ್ಟು ಜಾಗ ಬಿಡಬೇಕು ಅನ್ನುವುದಕ್ಕೂ ಅದೇ ಕೈಪಿಡಿಯಲ್ಲಿ ಲೆಕ್ಕ ಇದೆ. ಮೇಲಿನ ಪೈಪು ಎಷ್ಟು ಎತ್ತರವೋ ಅದರ ಎರಡರಷ್ಟು ಮುಂದೆ, ಎರಡರಷ್ಟು ಹಿಂದೆ. ಪೈಪು 8 ಅಡಿ ಎತ್ತರದಲ್ಲಿದ್ದರೆ ಮುಂದೆ 16, ಹಿಂದೆ 16 ಅಡಿ ಖಾಲಿ. ಚೌಕಟ್ಟಿನ ಎರಡು ಕಂಬಗಳ ನಡುವೆ ಎರಡಕ್ಕಿಂತ ಹೆಚ್ಚು ಜೋಕಾಲಿ ಬೇಡ. ಇನ್ನೊಂದು ಅಳತೆ ಕಟಾಂಜನದ್ದು. ಸಂದು 9 ಸೆಂಟಿಮೀಟರಿಗಿಂತ ದೊಡ್ಡದಿದ್ದು 23ಕ್ಕಿಂತ ಚಿಕ್ಕದಿದ್ದರೆ ಅಪಾಯ. ಮಗುವಿನ ಮೈ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಒಂದು ಸ್ಕೇಲು ಹಿಡಿದುಕೊಂಡು ಹೋದರೆ ಯಾರು ಬೇಕಾದರೂ ಅಳೆದು ನೋಡಬಹುದು. ನಾನು ಗೇಣಿನಿಂದಲೇ ಅಳೆದೆ, ಫಲಿತಾಂಶ ಹೇಳುವುದಿಲ್ಲ, ನಿಮ್ಮ ಪಾರ್ಕಿನಲ್ಲಿ ನೀವೇ ಅಳೆಯಿರಿ.

ಇವೆಲ್ಲ ಹೊರದೇಶದ ಲೆಕ್ಕ ಅಂತ ಮೂಗು ಮುರಿಯುವವರಿಗೆ ಒಂದು ನಮ್ಮದೇ ಲೆಕ್ಕ ಹೇಳುತ್ತೇನೆ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿ ಅಂದರೆ ಜೋಕಾಲಿ ಹಬ್ಬ. ತವರಿಗೆ ಬಂದ ಹೆಣ್ಣುಮಕ್ಕಳು, ಮದುವೆಯಾದವರು, ಆಗದವರು, ಅಜ್ಜಿಯರು, ಎಲ್ಲರೂ ತೂಗಿಕೊಳ್ಳುತ್ತಾರೆ. ಹಳ್ಳಿಯಲ್ಲಾದರೆ ಬೇವಿನ ಮರಕ್ಕೋ ಹುಣಸೆ ಮರಕ್ಕೋ ಹಗ್ಗ ಕಟ್ಟುತ್ತಾರೆ, ಇಲ್ಲವೇ ಮನೆಯ ಜಂತಿಗೆ. ನಗರದಲ್ಲಿ ಮರ ಎಲ್ಲಿದೆ, ಜಂತಿ ಎಲ್ಲಿದೆ? ಆ ಎರಡು ದಿನ ಎಲ್ಲರೂ ಬರುವುದು ಪಾರ್ಕಿಗೆ. ಹತ್ತು ವರ್ಷದ ಮಗುವಿಗೆ ಅಂತ ಮಾಡಿದ ಜೋಕಾಲಿಯಲ್ಲಿ ದೊಡ್ಡವರು ಕೂರುತ್ತಾರೆ, ಸರಪಳಿ ಹರಿಯುತ್ತದೆ. '12 ವರ್ಷ ಮೇಲ್ಪಟ್ಟವರು ಕೂರಬಾರದು' ಅಂತ ಬೋರ್ಡು ಬೀಳುತ್ತದೆ. ಯಾರೂ ಕೇಳುವುದಿಲ್ಲ, ಕೇಳಲೂ ಬಾರದು ಅನ್ನಿಸುತ್ತದೆ ನನಗೆ. ವರ್ಷಾವರ್ಷ ನಡೆಯುವುದು ಗೊತ್ತಿದ್ದ ಮೇಲೆ ದೊಡ್ಡವರಿಗೂ ತಡೆಯುವ ಎರಡು ಗಟ್ಟಿ ಜೋಕಾಲಿ ಯಾಕೆ ಹಾಕಬಾರದು? ಬೆಳಗಾವಿ, ಬಾಗಲಕೋಟೆ ಕಡೆಯ ಆಟದ ಜಾಗಕ್ಕೆ ಇದಕ್ಕಿಂತ ದೊಡ್ಡ ವಿನ್ಯಾಸದ ಸೂಚನೆ ಇನ್ನೊಂದಿಲ್ಲ. ಯಾವ ಕ್ಯಾಟಲಾಗಿನಲ್ಲೂ ಅದು ಸಿಗುವುದಿಲ್ಲ. ಪಕ್ಕದ ಮನೆಯ ಅವ್ವನನ್ನು ಕೇಳಿದರೆ ಸಿಗುತ್ತದೆ.

ಹೆಸರಿನ ತೂಕ

ಈ ಭಾಗದಲ್ಲಿ ಹೆಸರು ಹಗುರ ವಿಷಯ ಅಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳಬೇಕು. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಒಟ್ಟು 12 ಊರುಗಳು. ಅವತ್ತು ಇಲ್ಲಿನ ಬೀದಿಯಲ್ಲಿ ಪಟಾಕಿಯೂ ಹಾರಿತು, ಸಿಟ್ಟೂ ಇತ್ತು. ಗಡಿಯ ಊರಿನಲ್ಲಿ ಒಂದು ಬೋರ್ಡು ಅಂದರೆ ಬರೀ ಬೋರ್ಡಲ್ಲ.

2020ರ ಆಗಸ್ಟ್‌ನಲ್ಲಿ ಬೆಳಗಾವಿ ಪಕ್ಕದ ಪೀರನವಾಡಿಯಲ್ಲಿ ಆದದ್ದು ಹಲವರಿಗೆ ನೆನಪಿರಬಹುದು. ರಾತ್ರೋರಾತ್ರಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ ನಿಂತಿತು. ಅದು ಶಿವಾಜಿಯ ಹೆಸರಿನ ಚೌಕ ಅಂತ ಇನ್ನೊಂದು ಕಡೆಯವರು ಎದ್ದು ನಿಂತರು. ಕೊನೆಗೆ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿದರು. ಪ್ರತಿಮೆ ರಾಯಣ್ಣನದು ಇರಲಿ, ಚೌಕದ ಹೆಸರು ಶಿವಾಜಿಯದು ಇರಲಿ ಅಂತ ತೀರ್ಮಾನವಾಯಿತು. ಸಾಮಾನ್ಯ ಜನರ ಬುದ್ಧಿ ಕೆಲಸ ಮಾಡಿದ ತೀರ್ಮಾನ ಅದು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ.

2023ರ ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನದಲ್ಲಿ ನಾಲ್ಕು ವಿಮಾನ ನಿಲ್ದಾಣಗಳಿಗೆ ಹೆಸರಿಡುವ ನಿರ್ಣಯ ಆಯಿತು. ಬೆಳಗಾವಿಗೆ ಕಿತ್ತೂರು ರಾಣಿ ಚನ್ನಮ್ಮ, ಹುಬ್ಬಳ್ಳಿಗೆ ಸಂಗೊಳ್ಳಿ ರಾಯಣ್ಣ, ಶಿವಮೊಗ್ಗಕ್ಕೆ ಕುವೆಂಪು, ವಿಜಯಪುರಕ್ಕೆ ಜಗಜ್ಯೋತಿ ಬಸವೇಶ್ವರ. ನಾಲ್ಕೂ ತಕ್ಕ ಹೆಸರುಗಳೇ. ಆದರೆ ವಿಜಯಪುರದಿಂದ ಅವತ್ತಿಗೆ ಒಂದು ವಿಮಾನವೂ ಹಾರಿರಲಿಲ್ಲ. ಹೆಸರು ಮೊದಲು, ವಿಮಾನ ಆಮೇಲೆ. ಆಟದ ಜಾಗದ ಕತೆಯೂ ಇದೇ, ಅಳತೆ ಮಾತ್ರ ಸಣ್ಣದು.

ಇದಕ್ಕೆ ಪೂರಾ ಉಲ್ಟಾ ಉದಾಹರಣೆ ಬಾಗಲಕೋಟೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೇ ಊರಿನ ಭಾಗಗಳು ಹೋದವು. ಓಣಿಗಳ ಹೆಸರೂ ಅವುಗಳ ಜೊತೆಗೇ ಹೋದವು. ಎದ್ದದ್ದು ನವನಗರ, ಅಲ್ಲಿ ಎಲ್ಲ ಸೆಕ್ಟರ್ ನಂಬರು. ಮನೆ ಎಲ್ಲಿ ಅಂದರೆ ಒಂದು ಅಂಕಿ ಹೇಳುತ್ತಾರೆ. ಅಗಲ ರಸ್ತೆ, ಬಿಟ್ಟ ಜಾಗ, ನಕ್ಷೆ ಹಾಕಿ ಮಾಡಿದ ಊರು. ಆದರೆ ಅಂಕಿಯ ಮೇಲೆ ಪ್ರೀತಿ ಹುಟ್ಟಲು ಸಮಯ ಬೇಕು. ಅಲ್ಲಿನ ನನ್ನ ಗೆಳತಿಯೊಬ್ಬಳು ಇಂದಿಗೂ ತನ್ನ ಸೆಕ್ಟರಿನ ಪಾರ್ಕನ್ನು ಹಳೇ ಊರಿನ ಓಣಿಯ ಹೆಸರಿನಿಂದಲೇ ಕರೆಯುತ್ತಾಳೆ. ಪಾರ್ಕಿಗೂ ಆ ಓಣಿಗೂ ಏನೂ ಸಂಬಂಧವಿಲ್ಲ. ಆ ಓಣಿಯ ಜನ ಸಂಜೆ ಅಲ್ಲಿ ಕೂರುತ್ತಾರೆ, ಅಷ್ಟೇ.

ಕಾಗದದ ಹೆಸರು ಬಾಯಿಗೆ ಬರುವುದು ಯಾರ ಕೈಯಲ್ಲೂ ಇಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕನ್ನೇ ತಗೊಳ್ಳಿ. 1870ರಲ್ಲಿ ಆದಾಗ ಅದು ಮೀಡ್ಸ್ ಪಾರ್ಕ್. ಆಮೇಲೆ ಕಬ್ಬನ್ ಪಾರ್ಕ್. 1927ರಲ್ಲಿ ಅಧಿಕೃತವಾಗಿ ಶ್ರೀ ಚಾಮರಾಜೇಂದ್ರ ಉದ್ಯಾನ ಆಯಿತು. ಸುಮಾರು 100 ವರ್ಷ ಆಗುತ್ತ ಬಂತು, ಆಟೋದವರಿಗೆ ಚಾಮರಾಜೇಂದ್ರ ಉದ್ಯಾನಕ್ಕೆ ಬಿಡಿ ಅಂದು ನೋಡಿ. ಅದರೊಳಗಿನ ಮಕ್ಕಳ ಜಾಗದ ಹೆಸರು ಜವಾಹರ ಬಾಲಭವನ. ಮಕ್ಕಳಿಗೆ ಅದು ಪುಟಾಣಿ ರೈಲಿನ ಜಾಗ. ಒಂದೇ ನೆಲ, ಮೂರು ನಾಲ್ಕು ಹೆಸರು, ಎಲ್ಲ ಬದುಕಿವೆ.

ಹೊರಗಿನ ದೊಡ್ಡ ಪಾರ್ಕುಗಳಲ್ಲಿ ಆಟದ ಜಾಗಕ್ಕೆ ವ್ಯಕ್ತಿಗಳ ಹೆಸರು ಇರುವುದಿಲ್ಲವೇ? ಧಾರಾಳವಾಗಿ ಇರುತ್ತದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 21 ಆಟದ ಅಂಗಳಗಳಿವೆ. ಅವುಗಳಲ್ಲಿ ಹಳೆಯದು, ದೊಡ್ಡದು ಹೆಕ್ಷರ್ ಅಂಗಳ, 1926ರದು. ಆಟದ ಸಾಮಾನಿಗೆ ದುಡ್ಡು ಕೊಟ್ಟ ಆಗಸ್ಟ್ ಹೆಕ್ಷರ್ ಅನ್ನುವ ಉದ್ಯಮಿಯ ಹೆಸರು ಅದು. ಅಮೆರಿಕದ ಟಲ್ಸಾ ಊರಿನಲ್ಲಿ 2018ರಲ್ಲಿ ತೆರೆದ ಗ್ಯಾದರಿಂಗ್ ಪ್ಲೇಸ್ ಪಾರ್ಕಿನ ಆಟದ ಜಾಗಕ್ಕೂ ದಾನಿಗಳ ಮನೆತನದ ಹೆಸರೇ, ಚಾಪ್‌ಮನ್. ಅಲ್ಲಿ ಪಾರ್ಕು ಕಟ್ಟಿದ್ದರ ಜೊತೆಗೆ ಮುಂದಿನ ನಿರ್ವಹಣೆಗೂ ದಾನಿಗಳಿಂದ ಇಡುಗಂಟು ಕೂಡಿಸಿದ್ದಾರೆ. ಬಡ್ಡಿಯಲ್ಲಿ ಕೊಂಡಿ ಬದಲಾಗುತ್ತದೆ, ಬಣ್ಣ ಬೀಳುತ್ತದೆ. ಸೆಂಟ್ರಲ್ ಪಾರ್ಕಿನ ದಿನದ ಉಸ್ತುವಾರಿಗೆ 1980ರಿಂದ ಪ್ರತ್ಯೇಕ ಸಂಸ್ಥೆಯೇ ಇದೆ.

ಅಲ್ಲಿನ ಪದ್ಧತಿಯನ್ನು ಹಾಗೇ ಎತ್ತಿ ತರಬೇಕು ಅಂತ ನಾನು ಹೇಳಲಾರೆ. ದುಡ್ಡಿದ್ದವರ ಹೆಸರು ಮಾತ್ರ ಉಳಿಯುವ ಊರು ನನಗೂ ಬೇಡ. ನಮ್ಮಲ್ಲೂ ದಾನಿಗಳ ಹೆಸರು ಹೊಸದಲ್ಲ. ಗುಡಿಯ ಫರ್ಸಿ ಮೇಲೆ, ಶಾಲೆಯ ಫ್ಯಾನಿನ ರೆಕ್ಕೆಯ ಮೇಲೆ, ಛತ್ರದ ಪಾತ್ರೆಯ ಮೇಲೆ ಹೆಸರು ಕೆತ್ತಿಸಿದವರೇ ನಾವು. ಕೊಟ್ಟವರ ಹೆಸರು ಅದು, ಕೊಟ್ಟ ವಸ್ತುವಿನ ಮೇಲೆಯೇ ಇರುತ್ತದೆ. ಪಾರ್ಕಿನ ಕಲ್ಲಿನ ಮೇಲಿರುವುದು ಯಾರ ಹೆಸರು? ತೆರಿಗೆಯ ದುಡ್ಡಿನ ಕೆಲಸಕ್ಕೆ ಅಂದು ವೇದಿಕೆ ಮೇಲೆ ಕೂತಿದ್ದವರದು. ಗಂಟು ಬಿಚ್ಚಿಹೋಗಿದೆ ಅಂದದ್ದು ಇದಕ್ಕೇ.

ಹಾಗಾದರೆ ಏನು ಮಾಡಬಹುದು? ದೊಡ್ಡ ಪಾರ್ಕಿಗೆ ಒಂದು ಹೆಸರು ಈಗಾಗಲೇ ಇರುತ್ತದೆ, ಹೆಚ್ಚಾಗಿ ಯಾರೋ ಮಹನೀಯರದು. ಅದನ್ನು ಮುಟ್ಟುವುದು ಬೇಡ. ಒಳಗಿನ ಆಟದ ಜಾಗಕ್ಕೆ ಇನ್ನೊಬ್ಬ ಮಹನೀಯರನ್ನು ತಂದು ಒಬ್ಬರನ್ನು ಇನ್ನೊಬ್ಬರ ಅಂಗಳದಲ್ಲಿ ನಿಲ್ಲಿಸುವುದು ಇಬ್ಬರಿಗೂ ಮರ್ಯಾದೆ ಅಲ್ಲ. ಮೊದಲ ಎರಡು ವರ್ಷ 'ಮಕ್ಕಳ ಅಂಗಳ' ಅಂತ ಮಾತ್ರ ಇರಲಿ. ಅಷ್ಟರಲ್ಲಿ ಮಕ್ಕಳೇ ಏನೋ ಒಂದು ಕರೆಯಲು ಶುರು ಮಾಡಿರುತ್ತಾರೆ. ವಾರ್ಡಿನ ಶಾಲೆಗಳಲ್ಲಿ ಕೇಳಿ, ಪಾಲಿಕೆಯ ಸಾಮಾನ್ಯ ಸಭೆಗೆ ತಂದು ಆ ಹೆಸರನ್ನೇ ಠರಾವು ಮಾಡಿದರೆ ಜಗಳಕ್ಕೆ ಎಡೆಯೇ ಇರುವುದಿಲ್ಲ. ನಾವು ಚಿಕ್ಕವರಿದ್ದಾಗ ಸಿಮೆಂಟಿನ ಆನೆಯೊಂದು ಇದ್ದ ಪಾರ್ಕಿಗೆ ಹೋಗುತ್ತಿದ್ದೆವು. ಬಾಲದ ಕಡೆ ಮೆಟ್ಟಿಲು, ಸೊಂಡಿಲಿನಲ್ಲಿ ಜಾರಬೇಕು. ಆ ಪಾರ್ಕಿನ ಬೋರ್ಡಿನಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕನ್ನಡದ ಮಕ್ಕಳಿಗೆ ಅದು ಆನಿ ಗಾರ್ಡನ್, ಮರಾಠಿ ಮಕ್ಕಳಿಗೆ ಹತ್ತಿ ಗಾರ್ಡನ್. ನಾವು ಜಾರುಬಂಡಿ ಅಂದರೆ ಅವರು ಘಸರಗುಂಡಿ ಅನ್ನುತ್ತಿದ್ದರು. ಜಗಳ ಆಗುತ್ತಿತ್ತು, ಆದರೆ ಪಾಳಿ ಯಾರದು ಅನ್ನುವುದರ ಮೇಲೆ.

ಕಲ್ಲು ಬೇಕೇ ಬೇಕು ಅಂದರೆ ಇರಲಿ. ಜೊತೆಗೆ ಅಷ್ಟೇ ದೊಡ್ಡ ಇನ್ನೊಂದು ಹಲಗೆ ಇರಲಿ. ಅದರಲ್ಲಿ ನಾಲ್ಕು ಸಾಲು ಸಾಕು. ಗುತ್ತಿಗೆದಾರನ ಹೊಣೆ ಯಾವ ತಾರೀಕಿನವರೆಗೆ. ಅದಾದ ಮೇಲೆ ಯಾವ ಅಧಿಕಾರಿ, ಅವರ ಕಚೇರಿಯ ಫೋನ್ ನಂಬರು ಏನು. ಕಳೆದ ಸಲ ಕೊಂಡಿ, ಸರಪಳಿ, ಬೋಲ್ಟು ನೋಡಿದ್ದು ಯಾವತ್ತು. ಮುಂದಿನ ಸಲ ಯಾವತ್ತು. ಸೀಮೆಸುಣ್ಣದಲ್ಲಿ ಬರೆದರೂ ನಡೆಯುತ್ತದೆ. ಲಿಫ್ಟಿನೊಳಗೆ ತಪಾಸಣೆಯ ಕಾಗದ ಅಂಟಿಸುತ್ತಾರಲ್ಲ, ಅದೇ ಥರ. ಟೆಂಡರಿನಲ್ಲೇ ಐದು ವರ್ಷದ ನಿರ್ವಹಣೆ ಸೇರಿಸುವುದು ಹೊಸ ವಿಷಯ ಅಲ್ಲ, ರಸ್ತೆ ಕೆಲಸಗಳಲ್ಲಿ ಇದೆ. ಆಟದ ಸಾಮಾನಿಗೆ ಯಾಕೆ ಸೇರಿಸುವುದಿಲ್ಲ ಅಂತ ವಾರ್ಡಿನ ಸದಸ್ಯರನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ. ಅವರ ಹೆಸರು ಕಲ್ಲಿನ ಮೇಲೆ ಇದ್ದೇ ಇರುತ್ತದೆ, ಹುಡುಕುವ ಕಷ್ಟವಿಲ್ಲ.

ಭಾನುವಾರ ನಾವು ಹೊರಡುವಾಗ ಕತ್ತಲಾಗುತ್ತಿತ್ತು. ಖಾಲಿ ಚೌಕಟ್ಟಿನಿಂದ ಇಪ್ಪತ್ತು ಹೆಜ್ಜೆ ಆಚೆ ಒಂದು ದೊಡ್ಡ ಹುಣಸೆ ಮರ ಇದೆ. ಹೋದ ವರ್ಷ ಪಂಚಮಿಗೆ ಓಣಿಯ ಹೆಣ್ಣುಮಕ್ಕಳು ಸೇರಿ ಅದಕ್ಕೆ ಹಗ್ಗ ಕಟ್ಟಿದ್ದರು. ಕೂರಲು ಬಡಿಗೇರ ಅಣ್ಣ ಹಲಗೆ ಮಾಡಿಕೊಟ್ಟಿದ್ದ. ವಾಚ್‌ಮನ್ ಕಾಕಾ ತಾವೇ ನಿಂತು ಗಂಟು ನೋಡಿದ್ದರು, ಪಾಳಿ ಹಚ್ಚಿದ್ದರು. ಹಬ್ಬ ಮುಗಿದ ಮರುದಿನ ಹಗ್ಗ ಬಿಚ್ಚಿಕೊಂಡು ಹೋದರು. ಕೊಂಬೆಯ ಮೇಲೆ ಹಗ್ಗ ತಿಕ್ಕಿದ ಗುರುತು ಇನ್ನೂ ಇದೆ.

ಗೇಟಿನ ಹತ್ತಿರ ನಮ್ಮ ಹುಡುಗನಿಗೆ ಅವನ ಕ್ಲಾಸಿನವನೊಬ್ಬ ಸಿಕ್ಕ. ನಾಳೆ ಎಲ್ಲಿ ಆಡೋಣ ಅಂತ ಮಾತಾಯಿತು.

“ಜೋಕಾಲಿ ಗಿಡದ ಕಡೆ ಬಾ,” ಅಂದ ನಮ್ಮವನು.